ಲಿಫ್ಟಿನವರ ಎಡಗಣ್ಣು

ನವೆಂಬರ್ ೯, ಭಾನುವಾರ ಬೆಳಗ್ಗೆ

ಪ್ರೀತಿಯ ಮಗಳಿಗೆ,

ನೀನೂ ಅಳಿಯಂದಿರೂ ಆರಾಮವಾಗಿದ್ದೀರಿ, ಪುಟ್ಟಿಯ ಶೀತ ಕಡಿಮೆಯಾಗಿದೆ ಎಂದುಕೊಂಡು ಈ ಕಾಗದ ಶುರು ಮಾಡುತ್ತಿದ್ದೇನೆ. ಹೊಸ ಫೋಟೋದಲ್ಲಿ ಪುಟ್ಟಿ ಇನ್ನಷ್ಟು ದುಂಡಗಾಗಿದ್ದಾಳೆ. ಗಲ್ಲ ಅವಳ ಅಪ್ಪನದು, ಹಟ ಮಾತ್ರ ನಮ್ಮ ಕಡೆಯದು ಅನ್ನಿಸುತ್ತದೆ. ಫೋಟೋ ಕಳಿಸಿದವರು ಅಳಿಯಂದಿರು. ನೀನಲ್ಲ ಅನ್ನುವುದನ್ನೂ ಗಮನಿಸಿದೆ.

ಈ ಕಾಗದ ಬಹಳ ಹಿಂದೆಯೇ ನಿನ್ನ ಕೈ ಸೇರಬೇಕಿತ್ತು. ಬರೆಯಲು ಕೂತಾಗಲೆಲ್ಲ ಏನಾದರೊಂದು ಅಡ್ಡ ಬಂತು. ಒಂದು ಸಲ ಔಷಧಿಯ ಸುಸ್ತು, ಇನ್ನೊಂದು ಸಲ ನನ್ನ ಮೇಲೆಯೇ ಬೇಸರ, ಮತ್ತೊಂದು ಸಲ ನಿನ್ನ ಮೇಲೆ ಸಿಟ್ಟು. ಇವತ್ತು ಮೂರೂ ಸ್ವಲ್ಪ ಸ್ವಲ್ಪ ಇವೆ, ಆದರೆ ಪೆನ್ನು ಹಿಡಿಯಲಾರದಷ್ಟಿಲ್ಲ. ತಡವಾಯಿತೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನೀನು ಫೋನಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದೆ. "ಅಪ್ಪನ ಕುರ್ಚೀಲಿ ಯಾರಮ್ಮ ಕೂತಿರೋದು?" ನಾನು ಸುಮ್ಮನಿದ್ದೆ. ನೀನು ಫೋನಿಟ್ಟೆ. ಆಮೇಲೆ ನೀನೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಎದುರುಮನೆಯಾಕೆ ನಿನಗೆ ಏನು ಹೇಳಿದರೋ, ಎಷ್ಟು ಉಪ್ಪುಖಾರ ಹಚ್ಚಿ ಹೇಳಿದರೋ ನನಗೆ ಗೊತ್ತಿಲ್ಲ. ಅವರನ್ನು ಬೈಯಬೇಡ. ಬೆಳಗ್ಗೆ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಉಳಿದಿದ್ದರೆ ಬಂದು ಬಡಿಯುವವರು ಅವರೊಬ್ಬರೇ. ಆದರೆ ನನ್ನ ವಿಷಯವನ್ನು ನಾನೇ ಹೇಳಬೇಕು, ಬೇರೆಯವರ ಬಾಯಿಂದ ನೀನು ಕೇಳಬಾರದು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ಸಿಟ್ಟು ಬಂದರೆ ಅಲ್ಲಿಗೆ ನಿಲ್ಲಿಸಿ ಒಂದು ಲೋಟ ನೀರು ಕುಡಿದು ಮತ್ತೆ ಓದು.

ಮೊದಲು ಮೈಯ ವಿಷಯ, ಇಲ್ಲದಿದ್ದರೆ ನೀನು ಸಾಲು ಹಾರಿಸಿ ಅದನ್ನೇ ಹುಡುಕುತ್ತೀಯ. ಡಾಕ್ಟರಮ್ಮ ಹೇಳುವುದು ಹಿಂದೆ ನಿನ್ನೆದುರಿಗೆ ಹೇಳಿದ್ದನ್ನೇ. ವಾಸಿಯಾಗುವುದಿಲ್ಲ, ನಿಧಾನ ಮಾಡಬಹುದು. ಹೊಟ್ಟೆಯಲ್ಲಿದ್ದದ್ದು ಈಗ ಪಿತ್ತಕೋಶ ದಾಟಿ ಮುಂದೆ ಹೋಗಿದೆ. "ಎಷ್ಟು ಸಮಯ ಇದೆ?" ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ, ಹೇಳುವುದನ್ನು ಅವರೂ ಬಿಟ್ಟಿದ್ದಾರೆ. ಊಟ ಅಷ್ಟಕ್ಕಷ್ಟೆ. ತೆಳ್ಳಗಾಗಿದ್ದೇನೆ. ನಿನ್ನ ಮದುವೆಗೆ ಹೊಲಿಸಿದ್ದ ರವಿಕೆಯೊಳಗೆ ಈಗ ನನ್ನಂಥ ಇಬ್ಬರು ಹಿಡಿಸುತ್ತಾರೆ. ಕೂದಲು ಹೋಗಿದೆ. ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಆದರೆ ಕೈ ನಡುಗುವುದಿಲ್ಲ. ಕೈಯೊಂದು ನೆಟ್ಟಗಿದ್ದರೆ ಮಿಕ್ಕದ್ದನ್ನೆಲ್ಲ ಹೇಗೋ ಹೊಂದಿಸಿಕೊಳ್ಳಬಹುದು.

ವಾರಕ್ಕೆರಡು ದಿನ ಕೆಲಸಕ್ಕೂ ಹೋಗುತ್ತಿದ್ದೇನೆ. ಅಂಗಡಿಯ ಯಜಮಾನರು "ಮನೇಲಿ ರೆಸ್ಟ್ ತಗೊಳ್ಳಿ" ಎಂದು ಹೇಳಿ ಹೇಳಿ ಸಾಕಾದರು. ಕನ್ನಡಕ ಮಾಡುವವರು ಊರ ತುಂಬ ಇದ್ದಾರೆ, ಕಣ್ಣು ಕಳೆದುಕೊಂಡವರಿಗೆ ಕಣ್ಣು ಮಾಡುವವಳು ಇನ್ನೊಬ್ಬಳು ಸಿಗುವುದು ಕಷ್ಟ ಅನ್ನುವುದೂ ಅವರಿಗೆ ಗೊತ್ತು.

ಇನ್ನು ಚಿತ್ರದ ವಿಷಯ. ಆಪರೇಷನ್ ಆದ ಮೇಲೆ ನೀನು ಬಂದಿದ್ದು ವಾಪಸು ಹೋದೆಯಲ್ಲ, ಆಗ ಮನೆ ಒಮ್ಮೆಲೇ ಖಾಲಿಯಾಯಿತು. ಫ್ರಿಜ್ ಓಡುವುದು, ನಿಲ್ಲುವುದು, ಮತ್ತೆ ಓಡುವುದು, ಅದೊಂದೇ ಸದ್ದು. ಕೆಲಸವಿಲ್ಲದ ದಿನ ಕಿಟಕಿಯ ಹತ್ತಿರ ಕೂತು ಎದುರಿನ ಕಟ್ಟಡದವರು ಬಟ್ಟೆ ಒಣಗಿಸುವುದನ್ನು ನೋಡುತ್ತಿದ್ದೆ. ಒಂದು ದಿನ ತಲೆಗೆ ಬಂತು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಣ್ಣು ಬರೆದೆ, ಒಂದು ಮುಖವನ್ನಾದರೂ ಬರೆದಿದ್ದೇನೆಯೇ? ನನ್ನ ಕೆಲಸ ಹುಬ್ಬಿನ ಕೆಳಗೆ ಶುರುವಾಗಿ ರೆಪ್ಪೆಯ ಮೇಲೆ ಮುಗಿಯುತ್ತದೆ. ಅದರ ಸುತ್ತ ಯಾರಿದ್ದರು, ಏನು ಯೋಚಿಸುತ್ತಿದ್ದರು ಅನ್ನುವುದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಅವತ್ತೇ ಹೋಗಿ ಒಂದು ಕ್ಯಾನ್ವಾಸು, ಬಣ್ಣ ತಂದೆ. ಕನ್ನಡಿ ಇಟ್ಟುಕೊಂಡು ನನ್ನ ಮುಖವನ್ನೇ ಬರೆಯಲು ಕೂತೆ. ಕಣ್ಣೆರಡೂ ಎಷ್ಟು ಚೆನ್ನಾಗಿ ಬಂದವೆಂದರೆ ನನಗೇ ಹೆದರಿಕೆಯಾಯಿತು. ಉಳಿದ ಮುಖ ಬೇಯಿಸಿದ ಆಲೂಗಡ್ಡೆಯ ಹಾಗಿತ್ತು. ಬೇಯಿಸಿದ ಆಲೂಗಡ್ಡೆಯೊಳಗಿಂದ ಯಾರೋ ನೋಡುತ್ತಿದ್ದ ಹಾಗೆ. ಒಬ್ಬಳೇ ಕೂತು ನಕ್ಕೆ. ನಗು ನಿಂತ ಮೇಲೆ ಫ್ರಿಜ್ಜಿನ ಸದ್ದು ಕೇಳಿಸಿತು.

ಅದೇ ದಿನಗಳಲ್ಲಿ ಅವರು ಅಂಗಡಿಗೆ ಬಂದರು.

ಕನ್ನಡಕದ ಅಂಗಡಿಯ ಹಿಂದಿನ ನನ್ನ ಕೋಣೆ ನಿನಗೆ ನೆನಪಿರಬೇಕು. ಒಂದು ದೊಡ್ಡ ಕಿಟಕಿ, ಎರಡು ಸ್ಟೂಲು, ಬಣ್ಣದ ಪುಡಿಯ ಸೀಸೆಗಳು, ನೀನು ಚಿಕ್ಕವಳಿದ್ದಾಗ ತೆರೆಯಲು ಹೆದರುತ್ತಿದ್ದ ಕಣ್ಣುಗಳ ಡ್ರಾಯರು. ಎತ್ತರದ, ಹೆಗಲು ಸ್ವಲ್ಪ ಬಾಗಿದ, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದಾದ ಒಬ್ಬರು ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಲಿಫ್ಟ್ ರಿಪೇರಿ ಅವರ ಕೆಲಸ. ಬಿಗಿದಿದ್ದ ತಂತಿಯೊಂದು ತುಂಡಾಗಿ ಕಣ್ಣಿಗೆ ಹೊಡೆದಿತ್ತಂತೆ. ಕಣ್ಣು ತೆಗೆದು ಗಾಯವೆಲ್ಲ ಮಾಗಿತ್ತು.

"ಮೇಡಂ, ನನಗೆ ಚೆನ್ನಾಗಿ ಕಾಣೋ ಕಣ್ಣು ಬೇಕು," ಎಂದರು. ಆಮೇಲೆ ತಾವೇ ತಿದ್ದಿಕೊಂಡರು. "ಅಂದ್ರೆ, ಅದಕ್ಕೆ ಏನೂ ಕಾಣಲ್ಲ ಅಂತ ಗೊತ್ತು. ನೋಡೋರಿಗೆ ಚೆನ್ನಾಗಿ ಕಾಣಬೇಕು. ಲಿಫ್ಟೊಳಗೆ ಬರೋ ಮಕ್ಕಳು ಹೆದರಬಾರದು, ಅಷ್ಟೆ."

"ಮಕ್ಕಳು ಹೆದರಲ್ಲ. ದೊಡ್ಡವರೇ ಹೆದರೋದು," ಎಂದೆ.

"ದೊಡ್ಡವರು ಲಿಫ್ಟ್ ನಿಂತ್ರೂ ಹೆದರ್ತಾರೆ. ಅವರನ್ನ ಸಮಾಧಾನ ಮಾಡಿ ನನಗೆ ಅಭ್ಯಾಸ ಇದೆ."

ಅಂದಿನಿಂದ ನನ್ನ ಮನಸ್ಸಿನಲ್ಲಿ ಅವರು ಲಿಫ್ಟಿನವರು. ಈಗಲೂ ಹಾಗೆಯೇ ಕರೆಯುತ್ತೇನೆ.

ನನ್ನ ಕೆಲಸ ನಡೆಯುವುದು ಹೇಗೆಂದು ನಿನಗೆ ಗೊತ್ತು. ಕಣ್ಣಿನ ಗೂಡಿನ ಅಚ್ಚು ತೆಗೆದು ಬಿಳಿಯ ಚಿಪ್ಪು ಮಾಡಿದ ಮೇಲೆ, ಬಣ್ಣ ಹಾಕುವಾಗ ಅವರ ಒಳ್ಳೆಯ ಕಣ್ಣನ್ನೇ ನೋಡುತ್ತಿರಬೇಕು. ದೀಪದ ಬೆಳಕಿನಲ್ಲಿ ಆಗದು, ಬೆಳಗಿನ ಬೆಳಕೇ ಬೇಕು. ಇಬ್ಬರ ಮಧ್ಯೆ ಒಂದು ಮೊಳ ದೂರ. ನಾನು ಅವರ ಕಣ್ಣು ನೋಡುತ್ತಿದ್ದರೆ ಅವರಿಗೂ ನೋಡಲು ನಾನೇ ಗತಿ. ಸಾಮಾನ್ಯವಾಗಿ ಜನಕ್ಕೆ ಸ್ವಲ್ಪ ಹೊತ್ತಿಗೇ ಮುಜುಗರವಾಗುತ್ತದೆ. ಗೋಡೆ ನೋಡುತ್ತಾರೆ, ಹವಾಮಾನದ ಮಾತು ತೆಗೆಯುತ್ತಾರೆ. ಇವರು ಸುಮ್ಮನೆ ನೋಡುತ್ತ ಕೂತರು. ಕಂದು ಕಣ್ಣು, ಅಂಚಿಗೆ ವಯಸ್ಸಿನ ಬೂದುಬಣ್ಣದ ಬಳೆ, ಕೆಳಗಡೆ ಜೇನಿನ ಬಣ್ಣದ ಒಂದು ಸಣ್ಣ ಮಚ್ಚೆ. ಆ ಮಚ್ಚೆ ನನ್ನನ್ನು ಬಹಳ ಕಾಡಿಸಿತು.

"ನೀವು ದಿನಾ ಜನರ ಕಣ್ಣು ನೋಡ್ತೀರಿ," ಎಂದರು ಅವರು, ನಾನು ಬ್ರಶ್ ತೊಳೆಯುವಾಗ. "ನಿಮ್ಮನ್ನ ಯಾರು ನೋಡ್ತಾರೆ?"

"ಡಾಕ್ಟರು," ಎಂದೆ.

ತಮಾಷೆಯೆಂದುಕೊಂಡು ಅವರು ನಕ್ಕರು. ನಾನೂ ತಮಾಷೆಯೆಂದೇ ಬಿಟ್ಟುಬಿಟ್ಟೆ. ಮಗಳೇ, ಆ ಕೋಣೆಯಲ್ಲಿ ನಾನು ರೋಗಿಯಾಗಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಒಬ್ಬರು ನನ್ನನ್ನು ನೋಡುತ್ತಿದ್ದರು, ಆದರೆ ನನ್ನ ಬಣ್ಣ ಹಳದಿಯಾಗಿದೆಯೇ, ತೂಕ ಇಳಿದಿದೆಯೇ ಎಂದು ನೋಡುತ್ತಿರಲಿಲ್ಲ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಮೊದಲ ಕಣ್ಣು ಸರಿ ಬರಲಿಲ್ಲ, ಅದು ನಿಜ. ಎರಡನೆಯದು ಸರಿಯಾಗಿಯೇ ಬಂದಿತ್ತು. ಬೆಳಕಿಗೆ ಹಿಡಿದು ನೋಡಿ, "ಇಲ್ಲ, ಮಚ್ಚೆ ಸರಿ ಕೂತಿಲ್ಲ, ಇನ್ನೊಂದು ಮಾಡ್ತೀನಿ, ಮತ್ತೆ ಬನ್ನಿ," ಎಂದೆ. ಹಾಗೆ ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಈ ವಯಸ್ಸಿಗೆ, ಈ ಸ್ಥಿತಿಯಲ್ಲಿ, ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗಿಯ ಹಾಗೆ.

ಮೂರನೆಯದನ್ನು ಕೂರಿಸಿದ ದಿನ ಅವರು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು. ಬಲಕ್ಕೆ ತಿರುಗಿದರು, ಎಡಕ್ಕೆ ತಿರುಗಿದರು. "ಯಾವುದು ನಂದು, ಯಾವುದು ನಿಮ್ದು ಅಂತ ಗೊತ್ತಾಗ್ತಾ ಇಲ್ಲ," ಎಂದರು. ಟೋಪಿ ತೆಗೆದುಕೊಂಡರು, ಬಾಗಿಲ ತನಕ ಹೋದರು, ನಿಂತರು. "ಹಾಗಾದ್ರೆ ಇನ್ನು ಬರಬೇಕಾಗಿಲ್ಲ ಅಲ್ವಾ?"

"ಕಣ್ಣಿಗೆ ಬರಬೇಕಾಗಿಲ್ಲ," ಎಂದೆ. ಆಮೇಲೆ ಧೈರ್ಯ ಮಾಡಿ ಹೇಳಿದೆ. "ನಾನು ಮುಖ ಬರೆಯೋದು ಕಲೀತಿದ್ದೀನಿ. ಎದುರಿಗೆ ಕೂರೋರು ಯಾರೂ ಇಲ್ಲ."

ಹೀಗೆ ಅವರು ನಮ್ಮ ಮನೆಗೆ ಬಂದದ್ದು. ಮೂರನೆಯ ಮಹಡಿಗೆ ಏದುಸಿರು ಬಿಡುತ್ತ ಹತ್ತಿ ಬಂದು ಬಾಗಿಲಲ್ಲಿ ಹೇಳಿದ ಮೊದಲ ಮಾತು, "ಲಿಫ್ಟಿಲ್ಲದ ಕಟ್ಟಡದಲ್ಲಿ ಇದ್ದೀರಾ? ನಮ್ಮಂಥವರ ಹೊಟ್ಟೆ ಮೇಲೆ ಹೊಡೆಯೋರು ನೀವೇ ನೋಡಿ."

ಈಗ ಕುರ್ಚಿ. ಬೆಳಕು ಬರುವುದು ಆ ಕಿಟಕಿಯಿಂದ, ಕಿಟಕಿಯ ಹತ್ತಿರ ಇರುವುದು ಆ ಕುರ್ಚಿ. ನಾನು ಬೇರೆ ಯೋಚನೆ ಮಾಡದೆ ಅಲ್ಲೇ ಕೂರಿಸಿದೆ. ಕೈಯಿಡುವ ಮರ ಸವೆದು ನುಣುಪಾಗಿದ್ದನ್ನು ಅವರು ಸವರಿ ನೋಡಿದರು. "ಇದು ಯಾರ ಜಾಗ?" ಎಂದು ಕೇಳಿದರು. ನಿಮ್ಮಪ್ಪ ದಿನಾ ಸಂಜೆ ಅಲ್ಲೇ ಕೂರುತ್ತಿದ್ದರು, ಹೋಗಿ ಎಂಟು ವರ್ಷವಾಯಿತು ಎಂದೆ. ತಕ್ಷಣ ಎದ್ದುಬಿಟ್ಟರು. ನಾನು ಬೇಡವೆಂದರೂ ಕೇಳದೆ ಅಡುಗೆಮನೆಯ ಸ್ಟೂಲು ತಂದುಕೊಂಡು ಕೂತರು. ಎಷ್ಟೋ ದಿನ ಸ್ಟೂಲಿನ ಮೇಲೆಯೇ ಕೂತರು. ಅವರಿಗೆ ಬೆನ್ನುನೋವು. ಕೊನೆಗೆ ನೋಡಲಾರದೆ ನಾನೇ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಎದುರುಮನೆಯಾಕೆ ಬಾಗಿಲು ತೆರೆದಿದ್ದಾಗ ನೋಡಿದ್ದು ಬಹುಶಃ ಅದನ್ನೇ.

ನಿಮ್ಮಪ್ಪ ಒಳ್ಳೆಯವರು. ಅದರಲ್ಲಿ ಎರಡು ಮಾತಿಲ್ಲ. ನಾವಿಬ್ಬರೂ ಜಗಳವಾಡದೆ ಬದುಕಿದೆವು, ನಿನ್ನನ್ನು ಓದಿಸಿದೆವು, ಒಬ್ಬರ ಕಾಯಿಲೆಗೆ ಒಬ್ಬರಾದೆವು. ಅದು ಕಡಿಮೆಯೆಂದು ನಾನು ಹೇಳುತ್ತಿಲ್ಲ. ಇದು ಬೇರೆ ಎಂದು ಮಾತ್ರ ಹೇಳುತ್ತಿದ್ದೇನೆ.

ಬೆಳಗ್ಗೆ ಅವರು ಕೆಲಸಕ್ಕೆ ಹೋಗುವ ಮುಂಚೆ ಬರುತ್ತಿದ್ದರು. ದಾರಿಯಲ್ಲಿ ಬ್ರೆಡ್ ತರುತ್ತಿದ್ದರು. ಮೊದಮೊದಲು ಚಿತ್ರದಲ್ಲಿ ಅವರೂ ಆಲೂಗಡ್ಡೆಯೇ. ಆಮೇಲೆ ದವಡೆ ಬಂತು, ಕಿವಿ ಬಂತು. ಮುಖವೆಂದರೆ ಏನೆಂದು ನನಗೆ ಆಗ ಸ್ವಲ್ಪ ಸ್ವಲ್ಪ ಅರ್ಥವಾಗತೊಡಗಿತು. ಅವರು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಜನರ ಕಥೆ ಹೇಳುತ್ತಿದ್ದರು. ನಿಂತ ಲಿಫ್ಟಿನಲ್ಲಿ ಗಂಡಹೆಂಡತಿ ಜಗಳ ಮುಗಿಸಿ ರಾಜಿಯಾಗಿ ಹೊರಗೆ ಬಂದದ್ದು, ಒಬ್ಬ ಗುಮಾಸ್ತ ಒಳಗೇ ನಿದ್ದೆಹೋಗಿ, ಬಾಗಿಲು ತೆರೆದರೆ "ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಅಂದದ್ದು. ನಾನು ನಕ್ಕು ನಕ್ಕು ಗೆರೆ ತಪ್ಪುತ್ತಿತ್ತು.

ಒಂದು ದಿನ ಔಷಧಿಯ ಸುಸ್ತಿನಲ್ಲಿ ಬ್ರಶ್ ಕೈಯಲ್ಲಿದ್ದ ಹಾಗೆಯೇ ನಿದ್ದೆ ಹೋಗಿಬಿಟ್ಟೆ. ಎಚ್ಚರವಾದಾಗ ಬಿಸಿಲು ನೆಲದಿಂದ ಗೋಡೆಗೆ ಹೋಗಿತ್ತು. ಅವರು ಅದೇ ಭಂಗಿಯಲ್ಲಿ, ಗದ್ದ ಎತ್ತಿಕೊಂಡು ಕೂತೇ ಇದ್ದರು. ಕೆಲಸಕ್ಕೆ ಹೋಗಿರಲಿಲ್ಲ.

"ಎಬ್ಬಿಸಬಾರದಿತ್ತಾ?" ಎಂದೆ.

"ಅಲ್ಲಾಡಬೇಡಿ ಅಂದಿದ್ರಲ್ಲ ನೀವು," ಎಂದರು.

ನನಗೆ ಗೊತ್ತಾದದ್ದು ಆಗ. ಬೇರೆ ಹೇಗೆ ಹೇಳಲಿ ಮಗಳೇ, ಗೊತ್ತಾಯಿತು, ಅಷ್ಟೆ. ಅವರಿಗೂ ಗೊತ್ತಾಗಿತ್ತೆಂದು ತೋರುತ್ತದೆ. ಎದ್ದು ಬಂದು, ನನ್ನ ಕೈಯಿಂದ ಬ್ರಶ್ ಬಿಡಿಸಿ ನೀರಿನಲ್ಲಿಟ್ಟರು. ಬ್ರಶ್ ಬಿಡಿಸಿದ ಮೇಲೂ ಕೈ ಬಿಡಲಿಲ್ಲ.

ಅಷ್ಟು ಹೊತ್ತಿಗೆ ನಾನು ಅವರಿಗೆ ಕಾಯಿಲೆಯ ವಿಷಯ ಹೇಳಿರಲಿಲ್ಲ. ತಲೆಗೆ ಬಟ್ಟೆ ಕಟ್ಟುವುದು ಬಣ್ಣ ಹಾರುತ್ತದೆಂದು, ಸುಸ್ತು ರಕ್ತ ಕಡಿಮೆಯೆಂದು, ಹೀಗೆ ಏನೇನೋ ಹೇಳಿಕೊಂಡು ಬಂದಿದ್ದೆ. ಇನ್ನೂ ಕೆಲವು ದಿನ ಹೇಳುತ್ತಿರಲಿಲ್ಲವೇನೋ. ಹೇಳಿಸಿದ್ದು ಚಿತ್ರ.

ಚಿತ್ರದಲ್ಲಿ ಎಡಗಣ್ಣಿನ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೆ. ಅದು ನಾನೇ ಮಾಡಿದ ಕಣ್ಣು. ಎಷ್ಟು ಸಲ ಬರೆದರೂ ಎರಡು ಕಣ್ಣೂ ಒಂದೇ ಥರ ಬರುತ್ತಿದ್ದವು, ಮುಖ ಮಾತ್ರ ಸುಳ್ಳಾಗುತ್ತಿತ್ತು. ಒಂದು ಬೆಳಗ್ಗೆ ಒಮ್ಮೆಲೇ ಹೊಳೆಯಿತು. ಕಸುಬಿನಲ್ಲಿ ನನ್ನ ಕೆಲಸ ಎರಡರ ವ್ಯತ್ಯಾಸ ಮುಚ್ಚಿಡುವುದು. ಇಲ್ಲಿ ಅದನ್ನೇ ಬರೆಯಬೇಕು. ಬಲಗಣ್ಣಿನಲ್ಲಿ ಬೆಳಕು ಒಳಗೆ ಹೋಗುತ್ತದೆ, ಎಡಗಣ್ಣಿನಲ್ಲಿ ಬೆಳಕು ಮೇಲೆಯೇ ನಿಲ್ಲುತ್ತದೆ. ಅಷ್ಟು ಬರೆದೆ. ಬರೆದ ಕೂಡಲೇ ಆ ಮುಖ ಉಸಿರು ಬಿಟ್ಟ ಹಾಗಾಯಿತು. ನನ್ನ ಜೀವನದಲ್ಲಿ ನಾನು ಮಾಡಿದ ಮೊದಲ ನಿಜವಾದ ಚಿತ್ರ ಅದು. ಆ ಸಂತೋಷ ಎಂಥದೆಂದು ಹೇಳಲು ನನಗೆ ಬರುವುದಿಲ್ಲ. ಕಾಲಲ್ಲಿ ಶಕ್ತಿಯಿರಲಿಲ್ಲ, ಆದರೂ ಎದ್ದು ಎರಡು ಸುತ್ತು ಕೋಣೆ ತುಂಬ ಓಡಾಡಿದೆ. ಅವರು "ಏನಾಯ್ತು, ಏನಾಯ್ತು" ಎಂದು ಕೇಳುತ್ತಿದ್ದರು.

ಅಂಥ ಚಿತ್ರದೆದುರು ನಿಂತು ಸುಳ್ಳು ಹೇಳಲು ಆಗಲಿಲ್ಲ. ತಲೆಯ ಬಟ್ಟೆ ಬಿಚ್ಚಿದೆ. ಎಲ್ಲ ಹೇಳಿದೆ.

ಅವರು ಕೇಳಿದ್ದು ಒಂದೇ. "ಯಾವ ಆಸ್ಪತ್ರೆ?"

ಹೇಳಿದೆ. ಅವರ ಮುಖ ನಾನು ಅಷ್ಟು ದಿನ ಬರೆದ ಮುಖವಾಗಿರಲಿಲ್ಲ. ಎದ್ದು ಟೋಪಿ ಹುಡುಕಿದರು. ಟೋಪಿ ಕೈಯಲ್ಲೇ ಇತ್ತು. "ಸ್ವಲ್ಪ ಕೆಲಸ ಇದೆ," ಎಂದರು. ಮೆಟ್ಟಿಲಿಳಿದು ಹೋಗುವ ಸದ್ದು ಕೆಳಗಿನವರೆಗೂ ಕೇಳಿದೆ.

ಮಾರನೆಯ ದಿನ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಇನ್ನೂ ವಾರಗಳು ಹೋದವು. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಮಾಡಿ ಏನು ಕೇಳಲಿ? ಸಾಯುವವಳ ಹತ್ತಿರ ಬನ್ನಿ ಎಂದು ಯಾರನ್ನು ಒತ್ತಾಯ ಮಾಡಲಿ? ಬೆಳಗ್ಗೆ ಎದ್ದು ಬಣ್ಣ ಕಲಸಿಟ್ಟುಕೊಂಡು ಕೂರುತ್ತಿದ್ದೆ. ಖಾಲಿ ಕುರ್ಚಿ ನೋಡಿಕೊಂಡು ಅವರ ಕತ್ತು, ಅಂಗಿಯ ಕಾಲರು ನೆನಪಿನಿಂದ ಬರೆಯುತ್ತಿದ್ದೆ. ಬಣ್ಣ ಒಣಗಿದ ಮೇಲೆ ಕೆರೆದು ತೆಗೆಯುತ್ತಿದ್ದೆ. ಇದಕ್ಕಿಂತ ಮುಂಚೆಯೂ ಒಬ್ಬಳೇ ಇದ್ದೆ. ಆದರೆ ಅದು ಅಭ್ಯಾಸವಾದ ಒಂಟಿತನ, ಹಳೆಯ ಚಪ್ಪಲಿಯ ಹಾಗೆ. ಇದು ಹಾಗಿರಲಿಲ್ಲ, ಪ್ರತಿ ಹೆಜ್ಜೆಗೂ ಕಚ್ಚುತ್ತಿತ್ತು. ಆ ದಿನಗಳಲ್ಲೇ ನೀನು ಫೋನ್ ಮಾಡಿ ಕುರ್ಚಿಯ ಮಾತು ಕೇಳಿದ್ದು. ನಾನು ಆಗ ಸುಮ್ಮನಿದ್ದದ್ದು ಏಕೆಂದು ಈಗ ನಿನಗೆ ಗೊತ್ತಾಗಿರಬೇಕು. ನೀನು ಕೇಳಿದಾಗ ಆ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಔಷಧಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಒಬ್ಬಳೇ ಹೋಗುತ್ತಿದ್ದೆ. ಸೂಜಿ ಚುಚ್ಚುವ ಮುಂಚೆ ನರ್ಸಮ್ಮ ಪ್ರತಿ ಸಲ ಕೇಳುತ್ತಾರೆ. "ಜೊತೆಗೆ ಯಾರು ಬಂದಿದ್ದಾರೆ?" ನಾನು ಪ್ರತಿ ಸಲ "ಹೊರಗಿದ್ದಾರೆ" ಎನ್ನುತ್ತೇನೆ. ಅವರು ಬಾಗಿಲ ಕಡೆ ನೋಡಿ ಸೂಜಿ ಎತ್ತಿಕೊಳ್ಳುತ್ತಾರೆ. ಪಕ್ಕದ ಹಾಸಿಗೆಯಾಕೆಗೆ ಮಗ ಸೇಬು ಹೆಚ್ಚಿ ಕೊಡುತ್ತಾನೆ. ನನಗೆ ಸೇಬು ಇಷ್ಟವಿಲ್ಲ, ಆದರೂ ನೋಡುತ್ತಿರುತ್ತೇನೆ.

ಕಳೆದ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಔಷಧಿ ಮುಗಿಸಿಕೊಂಡು ಗೋಡೆ ಹಿಡಿದುಕೊಂಡು ಗೇಟಿನ ಹೊರಗೆ ಬಂದೆ. ರಸ್ತೆಯ ಆಚೆ ಬದಿಯಲ್ಲಿ, ಸೈಕಲ್ ಅಂಗಡಿಯ ಮುಂದೆ ಲಿಫ್ಟಿನವರು ನಿಂತಿದ್ದರು. ಟೋಪಿ ಕೈಯಲ್ಲಿ ಹಿಡಿದುಕೊಂಡು ಗೇಟನ್ನೇ ನೋಡುತ್ತಿದ್ದರು. ನನ್ನನ್ನು ಕಂಡರೂ ರಸ್ತೆ ದಾಟಿ ಬರಲಿಲ್ಲ. ನಾನೇ ದಾಟಿದೆ. ಹತ್ತಿರ ಹೋದರೆ ಅಂಗಿಯ ಬೆನ್ನೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

"ಎಷ್ಟು ಹೊತ್ತಾಯ್ತು ಬಂದು?" ಎಂದೆ.

"ಬೆಳಗ್ಗೆಯಿಂದ ಇದ್ದೀನಿ. ಹೋದ ಸಲಾನೂ ಬಂದಿದ್ದೆ. ನೀವು ಆಟೋ ಹತ್ತಿ ಹೋಗಿಬಿಟ್ರಿ, ಕರೆಯೋಕೆ ಧೈರ್ಯ ಬರಲಿಲ್ಲ."

ಅಲ್ಲೇ ಸೈಕಲ್ ಅಂಗಡಿಯವನು ಕೊಟ್ಟ ಮಣೆಯ ಮೇಲೆ ನನ್ನನ್ನು ಕೂರಿಸಿ, ತಾವು ನಿಂತುಕೊಂಡೇ ಹೇಳಿದರು. ಆ ಆಸ್ಪತ್ರೆಯ ಲಿಫ್ಟನ್ನು ಮುಂಚೆ ಅವರೇ ನೋಡಿಕೊಳ್ಳುತ್ತಿದ್ದರಂತೆ. ಅವರ ಹೆಂಡತಿ ಅಲ್ಲೇ ಐದನೆಯ ಮಹಡಿಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರಂತೆ. ಇವರು ಕೆಲಸದ ನೆಪದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮೇಲೆ ಹೋಗಿ ನೋಡಿ ಬರುತ್ತಿದ್ದರಂತೆ.

"ಕೊನೆಗೆ ಅವಳನ್ನ ಕೆಳಗೆ ತಂದದ್ದು ನಾನೇ ಎಣ್ಣೆ ಹಾಕಿದ ಲಿಫ್ಟಲ್ಲಿ," ಎಂದರು. "ಒಂದು ಚೂರೂ ಸದ್ದು ಮಾಡಲಿಲ್ಲ ಅದು. ಅವತ್ತಿಂದ ಆ ಗೇಟಿನ ಒಳಗೆ ಕಾಲಿಟ್ಟಿಲ್ಲ. ಇವತ್ತೂ ಪ್ರಯತ್ನ ಮಾಡಿದೆ. ಆಗಲಿಲ್ಲ."

ನಾನು ಮಣೆಯ ಮೇಲೆ ಸರಿದು ಜಾಗ ಮಾಡಿದೆ. ಅವರು ಕೂರಲಿಲ್ಲ.

"ಗೇಟಿನ ತನಕ ಬರ್ತೀನಿ. ಮನೆಯಿಂದ ಕರ್ಕೊಂಡು ಬರ್ತೀನಿ, ಮನೆಗೆ ಕರ್ಕೊಂಡು ಹೋಗ್ತೀನಿ. ಒಳಗೆ ಮಾತ್ರ ನನ್ನಿಂದ ಆಗಲ್ಲ. ಇಷ್ಟು ನಿಮಗೆ ಸಾಕೋ ಇಲ್ವೋ, ನೀವೇ ಹೇಳಿ."

"ಸಾಕು," ಎಂದೆ.

ನಿನಗೆ ನಿಜ ಹೇಳುತ್ತೇನೆ, ಸಾಕಾಗುವುದಿಲ್ಲ. ಒಳಗೆ ಬಾಟಲಿಯಿಂದ ಔಷಧಿ ತೊಟ್ಟಿಕ್ಕುವಾಗ ಯಾರಾದರೂ ಪಕ್ಕದಲ್ಲಿರಬೇಕು ಅನ್ನಿಸುತ್ತದೆ. ಆದರೆ ಗೇಟಿನಾಚೆ ಒಬ್ಬರು ಬೆವರುತ್ತ ನಿಂತಿದ್ದಾರೆ ಎಂದು ಗೊತ್ತಿದ್ದರೆ ಆ ಹೊತ್ತು ಬೇರೆ ಥರ ಕಳೆಯುತ್ತದೆ. ಈಗ ನರ್ಸಮ್ಮನಿಗೆ ನಾನು ಹೇಳುವ "ಹೊರಗಿದ್ದಾರೆ" ಸುಳ್ಳಲ್ಲ. ಅವತ್ತು ಅವರು ನನ್ನನ್ನು ಮೂರು ಮಹಡಿ ಮೆಟ್ಟಿಲು ಹತ್ತಿಸಿದರು. ಪ್ರತಿ ತಿರುವಿನಲ್ಲೂ ಕೂರಿಸಿದರು. ಎದುರುಮನೆಯಾಕೆ ಬಾಗಿಲು ತೆರೆದು ನೋಡಿ, ಏನೂ ಕೇಳದೆ ಒಳಗೆ ಹೋಗಿ ನೀರು ತಂದುಕೊಟ್ಟರು. ಇಬ್ಬರಿಗೂ ಕೊಟ್ಟರು.

ಚಿತ್ರ ಮೊನ್ನೆ ಮುಗಿಯಿತು. ಅವರು ಎದುರಿಗೆ ನಿಂತು ನೋಡಿದರು. "ಎಡಗಣ್ಣು ಸುಳ್ಳು ಅಂತ ಗೊತ್ತಾಗುತ್ತೆ," ಎಂದರು.

"ಹೌದು."

"ಅದಕ್ಕೇ ನಾನು ಅಂತ ಗೊತ್ತಾಗೋದು," ಎಂದರು. ಮನೆಗೆ ಒಯ್ಯಿರಿ ಎಂದರೆ ಒಪ್ಪಲಿಲ್ಲ. ಮೊಳೆ ಹೊಡೆದು ನನ್ನ ಹಾಸಿಗೆಯ ಎದುರಿಗೇ ತೂಗುಹಾಕಿ ಹೋದರು. ಅವರ ಮನೆ ಅವರಿಗೆ, ನನ್ನ ಮನೆ ನನಗೆ. ಮದುವೆ, ಒಟ್ಟಿಗಿರುವುದು, ಆ ಮಾತೆಲ್ಲ ನಾವು ಆಡಿಲ್ಲ. ಅದಕ್ಕೆಲ್ಲ ಬೇಕಾದ ಕಾಲ ನನ್ನ ಹತ್ತಿರ ಇಲ್ಲವೆಂದು ಇಬ್ಬರಿಗೂ ಗೊತ್ತು. ಅವರು ಹೋದ ಮೇಲೆ ಮಾರನೆಯ ಬೆಳಗಿನ ತನಕ ನಾನೊಬ್ಬಳೇ. ನೋವು ಬರುವುದೂ ಆ ಹೊತ್ತಿನಲ್ಲೇ. ಆದರೆ ಬೆಳಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳುತ್ತದೆ. ಕಾಯುವುದಕ್ಕೆ ಒಂದು ಬೆಳಗ್ಗೆ ಇರುವುದು ಎಷ್ಟು ದೊಡ್ಡದೆಂದು ನನಗೆ ಮುಂಚೆ ಗೊತ್ತಿರಲಿಲ್ಲ.

ಇಷ್ಟೇ ಮಗಳೇ ನಡೆದದ್ದು. ನೀನು ಒಪ್ಪಬೇಕೆಂದು ನಾನು ಬರೆಯುತ್ತಿಲ್ಲ. ನಿಮ್ಮಪ್ಪನ ಜಾಗ ನಿನ್ನೊಳಗೆ ಎಲ್ಲಿದೆಯೋ ಅಲ್ಲೇ ಇರಲಿ, ಅದನ್ನು ಯಾರೂ ಮುಟ್ಟುವುದಿಲ್ಲ. ನಿನಗೆ ಗೊತ್ತಿರಲಿ ಎಂದಷ್ಟೇ ಬರೆದೆ.

ಪುಟ್ಟಿಯನ್ನು ಗಾಳಿಗೆ ಹೊರಗೆ ಬಿಡಬೇಡ. ನೀನೂ ಹೊತ್ತಿಗೆ ಸರಿಯಾಗಿ ತಿನ್ನು, ಮಗು ಬಿಟ್ಟದ್ದನ್ನು ತಿಂದು ಊಟವಾಯಿತು ಅನ್ನಬೇಡ. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ನಿಮ್ಮ ಮನೆಯಲ್ಲಿ ನಗು ಇರಲಿ, ಕೈಗೆತ್ತಿಕೊಂಡ ಕೆಲಸಗಳೆಲ್ಲ ನೆರವೇರಲಿ, ಪುಟ್ಟಿಗೆ ನನ್ನ ಪಾಲಿನ ಆಯಸ್ಸೂ ಸೇರಲಿ. ನೂರು ಕಾಲ ಚೆನ್ನಾಗಿರಿ.

ನಿನ್ನ
ಅಮ್ಮ

ಮರೆತಿದ್ದು: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಮರೆತಿದ್ದಲ್ಲ, ಬರೆಯಲು ಆಗಿರಲಿಲ್ಲ.

ಲಿಫ್ಟಿನವರ ಚಿತ್ರ ಮುಗಿದ ದಿನವೇ ಇನ್ನೊಂದು ಕ್ಯಾನ್ವಾಸು ಇಟ್ಟುಕೊಂಡು ನಿನ್ನನ್ನು ಬರೆಯಲು ಕೂತೆ. ಹಣೆ ಬಂತು. ಮೂಗು ಬಂತು. ಸಿಟ್ಟು ಬಂದಾಗ ಒಳಗೆ ಎಳೆದುಕೊಳ್ಳುವ ಕೆಳದುಟಿಯಂತೂ ನೋಡಿದರೆ ನಗು ಬರುವಷ್ಟು ಸರಿಯಾಗಿ ಬಂತು. ಕಣ್ಣಿನ ಹತ್ತಿರ ಬಂದು ನಿಂತುಬಿಟ್ಟೆ. ನಿನ್ನ ಕಣ್ಣಿನ ಬಣ್ಣ ನನಗೆ ಗೊತ್ತಿಲ್ಲ. ಕಂದು ಎಂದು ಹೇಳಬಲ್ಲೆ, ಆದರೆ ಕಂದು ಎಂದರೆ ಏನೂ ಅಲ್ಲ, ಅದರೊಳಗೆ ಎಷ್ಟು ಥರದ ಕಂದು ಇದೆಯೆಂದು ನನ್ನಷ್ಟು ಬಲ್ಲವರಿಲ್ಲ. ಎಲ್ಲ ಫೋಟೋ ತೆಗೆದು ನೋಡಿದೆ, ಒಂದೊಂದರಲ್ಲಿ ಒಂದೊಂದು ಥರ ಇದೆ. ಹೆಸರೂ ಮರೆತುಹೋದ ಎಷ್ಟೋ ಜನರ ಕಣ್ಣಿನ ಬಣ್ಣವನ್ನು ಈಗಲೂ ನೋಡದೆ ಕಲಸಬಲ್ಲೆ. ಹೆತ್ತವಳಿಗೆ ನಿನ್ನದು ಬರುತ್ತಿಲ್ಲ.

ಅಲ್ಲಿ ಎರಡು ಬಿಳಿಯ ಜಾಗ ಹಾಗೇ ಬಿಟ್ಟಿದ್ದೇನೆ. ಕೈ ಇನ್ನೂ ನೆಟ್ಟಗಿದೆ, ಎಲ್ಲಿಯವರೆಗೆ ಇರುತ್ತದೋ ಹೇಳಲಾರೆ. ಒಂದು ಬೆಳಗ್ಗೆ ಬಂದು ನನ್ನೆದುರು ಕೂರುತ್ತೀಯಾ? ಅವತ್ತು ಅವರಿಗೆ ಬರಬೇಡಿ ಎನ್ನುತ್ತೇನೆ. ನೀನು ಮಾತಾಡದಿದ್ದರೂ ಸರಿ. ಸಿಟ್ಟಿನಲ್ಲೇ ಬಾ, ಬಣ್ಣಕ್ಕೆ ಅದು ಅಡ್ಡಿಯಾಗುವುದಿಲ್ಲ.